ಹಾಸನದವನೆಂದು ಹೇಳಿದ ಹುಡುಗ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ನನ್ನ ಸೊಸೆ ಸುಧಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ಫೋನ್ ಮುಂದಿಟ್ಟುಕೊಂಡು ಊಟದ ಮೇಜಿಗೆ ಕೂತಳು. ಎಂಟು ವರ್ಷದ ಮೇಲೆ ಸಿಕ್ಕ ಕೆಲಸ, ಅದೂ ಮನೆಯಿಂದಲೇ ಮಾಡುವಂಥದ್ದು. ಮೊದಲ ದಿನ ಕಂಪನಿಯವರು ವಿಡಿಯೊ ಕರೆ ಮಾಡಬೇಕಿತ್ತು. ಹನ್ನೊಂದಾದರೂ ಮಾಡಲಿಲ್ಲ. ಇವಳೇ ಮಾಡಿದರೆ ನಂಬರ್ ಸ್ವಿಚ್ ಆಫ್.

ಹೋದ ವಾರ ಅವರು ಲ್ಯಾಪ್‌ಟಾಪಿಗೆಂದು ಠೇವಣಿ ಕೇಳಿದಾಗಲೇ, "ಅತ್ತೆ, ಕೆಲಸ ಕೊಡೋರು ದುಡ್ಡು ಯಾಕೆ ಕೇಳ್ತಾರೆ?" ಎಂದಿದ್ದಳು. ನಾನು ಫೋನ್ ಕಿತ್ತುಕೊಂಡೆ. ಆ ಕಡೆಯ ಹುಡುಗ, "ನಮಸ್ಕಾರ ಅಮ್ಮ, ನಾನೂ ಹಾಸನದವನೇ. ಊಟ ಆಯ್ತಾ?" ಎಂದ. ದೆಹಲಿಯಲ್ಲಿ ನನ್ನನ್ನು ಹಾಗೆ ಕೇಳುವವರು ಯಾರಿದ್ದಾರೆ?

"ನಮ್ಮೂರ ಹುಡುಗನನ್ನೇ ಅನುಮಾನಿಸ್ತೀಯಾ? ಕಟ್ಟು," ಎಂದು ಸೊಸೆಯನ್ನು ಗದರಿದೆ. ತವರಿನವರು ಕೊಟ್ಟ ಚಿನ್ನದ ಬಳೆ ಅಡವಿಟ್ಟು ಕಟ್ಟಿದಳು.

ಇವತ್ತು ಮಧ್ಯಾಹ್ನದೊಳಗೆ ಸೈಬರ್ ಪೊಲೀಸರಿಗೆ ದೂರು ಕೊಟ್ಟಾಯಿತು. ಇವಳು ನನ್ನನ್ನು ಬೈಯಲಿ ಎಂದು ಕಾದೆ. ಇವಳೋ ಸೀರೆ ಬದಲಿಸಿ ಬಂದು, "ಅನ್ನಕ್ಕೆ ಇಡ್ಲಾ ಅತ್ತೆ?" ಎಂದಳು. ಗಾಜಿನ ಬಳೆಯಷ್ಟೇ ಉಳಿದ ಕೈಯಲ್ಲಿ ಅಕ್ಕಿ ತೊಳೆಯುತ್ತಿದ್ದಳು.

ಈ ಮನೆಯಲ್ಲಿ ಯಾರ ಮುಂದೆಯೂ 'ತಪ್ಪಾಯಿತು' ಎಂದವಳಲ್ಲ ನಾನು. ಇವತ್ತು ಅಂದೆ.

"ಬಿಡಿ ಅತ್ತೆ, ನನಗೂ ಆ ಕೆಲಸ ನಿಜ ಆಗಲಿ ಅಂತಿತ್ತು," ಎಂದಳು, ತಲೆ ಎತ್ತದೆ.

ದೆಹಲಿಯ ಈ ಜನಕಪುರಿಗೆ ಬಂದಾಗಿನಿಂದ ನಮ್ಮ ತರಕಾರಿ ಮಾರುವ ಭಯ್ಯಾನ ತಕ್ಕಡಿಯನ್ನು ದಿನವೂ ಎರಡು ಸಲ ನೋಡುತ್ತೇನೆ. ಆತ ಒಂದು ದಿನವೂ ಮೋಸ ಮಾಡಿಲ್ಲ. ಕನ್ನಡ ಬರುವುದಿಲ್ಲ, ಅಷ್ಟೇ.