ಹತ್ತು ಮುಡಿಯ ಬೆಡಿ

ನಮ್ಮ ಮನೆಯಲ್ಲಿ ರೂಪಾಯಿ ಎಂದರೆ ಪೇಟೆಗೆ ಹೋಗುವಾಗ ತೊಡುವ ಅಂಗಿ. ಮನೆಗೆ ಬಂದು ಅದನ್ನು ಕಳಚಿ ಗೂಟಕ್ಕೆ ತೂಗಿದ ಮೇಲೆ ಲೆಕ್ಕವೆಲ್ಲ ಅಕ್ಕಿಯಲ್ಲೇ. ಬೈಹುಲ್ಲು ಸುತ್ತಿ, ಹಗ್ಗ ಬಿಗಿದು, ಅಟ್ಟದ ಮೇಲೆ ಸಾಲಾಗಿ ಕೂರಿಸಿದ ಅಕ್ಕಿಯ ಮುಡಿಗಳೇ ನಮ್ಮ ಖಜಾನೆ. ಎಮ್ಮೆಗೆ ಇಷ್ಟು ಮುಡಿ, ಮದುವೆಗೆ ಇಷ್ಟು ಮುಡಿ, ವಕೀಲರನ್ನು ನಂಬಿ ಕಳೆದುಕೊಂಡದ್ದು ಇಷ್ಟು ಮುಡಿ. ಈ ಶಾಸನವನ್ನು ಜಾರಿಯಲ್ಲಿಟ್ಟವರು ನನ್ನ ಸೋದರಮಾವ. ಮಡಂತ್ಯಾರಿನಿಂದ ಒಳಗೆ ನಡೆದು ಹೋಗಬೇಕಾದ ಆ ಮನೆಗೆ ಅವರೇ ಯಜಮಾನರು. ನಾನು ಹತ್ತಿರದ ಶಾಲೆಯಲ್ಲಿ ಹೊಸದಾಗಿ ಮಾಸ್ಟ್ರಾಗಿದ್ದ ಅಳಿಯ. ಅರವತ್ತರ ದಶಕದ ಮೊದಲ ವರ್ಷಗಳ ಮಾತು ಇದು.

ಮಾವನಿಗೆ ಕೋವಿ ಬೇಕೆಂಬ ಆಸೆ ಹುಟ್ಟಿದ್ದಕ್ಕೆ ಕಾರಣ ಎರಡು. ಹೊರಗಿನ ಕಾರಣ ಕಾಡುಹಂದಿ. ಒಳಗಿನ ಕಾರಣ ಅವರ ಭಾವ, ಅಂದರೆ ನಮ್ಮತ್ತೆಯ ಅಣ್ಣ. ಮೂಡುಬಿದಿರೆಯಲ್ಲಿದ್ದ ಆ ಮಹನೀಯರ ಚಾವಡಿಯಲ್ಲಿ ಒಂದು ಕೋವಿ ತೂಗುತ್ತಿತ್ತು. ನಾವು ಹೋದಾಗಲೆಲ್ಲ, ಕಾಲು ತೊಳೆದು ಬೆಲ್ಲ ನೀರು ಕುಡಿಯುವಷ್ಟರಲ್ಲಿ ಕೋವಿ ಗೋಡೆಯಿಂದ ಇಳಿದು ಅವರ ತೊಡೆಯ ಮೇಲೆ ಬಂದು ಮಲಗುತ್ತಿತ್ತು. ಅವರು ಅದನ್ನು ಬಟ್ಟೆಯಿಂದ ಒರಸುತ್ತ, ಯುದ್ಧಕ್ಕೆ ಮೊದಲು ಕೊಂಡದ್ದು, ಎಪ್ಪತ್ತೇ ರೂಪಾಯಿ, ಈಗ ಎಪ್ಪತ್ತಕ್ಕೆ ಇದರ ಪಟ್ಟಿಯೂ ಬರಲಿಕ್ಕಿಲ್ಲ ಎನ್ನುತ್ತಿದ್ದರು. ಅವರ ತಂದೆಗೆ ಇಂಥದ್ದೇ ಕೋವಿ ನಲ್ವತ್ತಕ್ಕೆ ಸಿಕ್ಕಿತ್ತಂತೆ, ಅಜ್ಜನಿಗೆ ಇಪ್ಪತ್ತೈದಕ್ಕೆ. ಇನ್ನೆರಡು ತಲೆ ಹಿಂದಕ್ಕೆ ಹೋದರೆ ಅಂಗಡಿಯವನು ಕೋವಿಯ ಜೊತೆ ಕೈಗೆ ಸ್ವಲ್ಪ ಹಣವನ್ನೂ ಕೊಟ್ಟು ಕಳುಹಿಸುತ್ತಿದ್ದನೆಂದು ತೋರುತ್ತದೆ. ಕೋವಿಯ ಹಳೆಯ ಕ್ರಯ ಹೇಳುವವರನ್ನು ಎದುರಿಸಲು ಇನ್ನೊಂದು ಕೋವಿಯೇ ಬೇಕು. ಬರಿಗೈಯಲ್ಲಿ ಕೂತವನು ತಲೆಯಾಡಿಸಬೇಕಷ್ಟೆ. ಮಾವ ಹದಿನೈದು ವರ್ಷ ತಲೆಯಾಡಿಸಿದ್ದರು.

ಕೋವಿಯೊಂದು ಬಂಟ್ವಾಳದಲ್ಲಿ ಸಿಕ್ಕಿತು. ಅಲ್ಲಿ ಮರದ ವ್ಯಾಪಾರದ ಹಿರಿಯ ಬ್ಯಾರಿಯೊಬ್ಬರಿದ್ದರು. ಮಾವನಿಗೂ ಅವರಿಗೂ ಬಹಳ ಕಾಲದ ವ್ಯವಹಾರ. ಕಣ್ಣು ಮಂಜಾದ್ದರಿಂದ ಅವರು ತಮ್ಮ ಒಂಟಿ ನಳಿಗೆಯ ಕೋವಿಯನ್ನು ಕೊಡಲು ಹೊರಟಿದ್ದರು. ಕ್ರಯ ಇನ್ನೂರು ರೂಪಾಯಿ. ಮಾವ ಮನೆಗೆ ಬಂದು ಅಂಗಿ ಕಳಚಿ, ಅತ್ತೆಗೆ ಹತ್ತು ಮುಡಿ ಎಂದು ವರದಿ ಮಾಡಿದರು. ಮರುವಾರವೇ ಹತ್ತು ಮುಡಿ ಅಕ್ಕಿ ಮಾರಿ, ಬಂದ ಇನ್ನೂರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಇನ್ನು ಬೇಕಾದದ್ದು ಸರಕಾರದ ಒಪ್ಪಿಗೆ ಮಾತ್ರ.

ಲೈಸೆನ್ಸಿನ ಕಚೇರಿಗೆ ಮಾವ ಕೋಟು, ಮುಂಡಾಸು, ಮಡಿಚಿದ ಶಾಲಿನ ಸಮೇತ ದಯಮಾಡಿಸಿದರು. ಅಧಿಕಾರಿಗಳು ಘಟ್ಟದ ಮೇಲಿನವರು, ಊರಿಗೆ ಹೊಸಬರು. ನಾನು ಮಾತಾಡಲೇ ಎಂದು ಕೇಳಿದ್ದಕ್ಕೆ, ಕನ್ನಡ ತನಗೂ ಬರುತ್ತದೆ ಎಂದು ಹೇಳಿ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಕನ್ನಡವೇನೋ ಬರುತ್ತಿತ್ತು. ಆದರೆ ತುಳುವಿನಲ್ಲಿ ಕೋವಿಗೆ ಬೆಡಿ ಎನ್ನುತ್ತಾರೆ, ಮತ್ತು ಅದು ಅಪ್ಪಟ ಕನ್ನಡ ಶಬ್ದವೆಂದು ಮಾವನ ನಂಬಿಕೆ. ಒಳಗಿನ ಸಂಭಾಷಣೆ ಅರೆಬಾಗಿಲ ಮೇಲಿಂದ ನನಗೆ ಚೆನ್ನಾಗಿ ಕೇಳುತ್ತಿತ್ತು.

"ಸ್ವಾಮೀ, ನನಗೊಂದು ಬೆಡಿ ಬೇಕಿತ್ತು."

"ಬೇಡಿಯೆ? ಯಾರಿಗೆ?"

"ನನಗೇ. ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ."

"ಮನೆಯಲ್ಲಿ ಬೇಡಿ ಹಾಕುವಂಥವರು ಯಾರಿದ್ದಾರೆ?"

"ಮನೆಯವರಿಗಲ್ಲ ಸ್ವಾಮಿ, ಹಂದಿಗೆ. ಈಗೀಗ ಮಂಗನಿಗೂ ಹಾಕಬೇಕಾದೀತು."

ಅಧಿಕಾರಿಗಳು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಆಮೇಲೆ ಬಹಳ ಮೆಲ್ಲಗೆ, "ಹಾಕಬೇಕಾದರೆ ಮೊದಲು ಹಂದಿಯನ್ನು ಹಿಡಿಯಬೇಕಲ್ಲ?" ಎಂದರು.

"ಹಿಡಿಯುವುದು ಯಾಕೆ? ದೂರದಿಂದಲೇ ಹಾಕುವುದು."

ಬೇಡಿಗಳು ಪೊಲೀಸರಲ್ಲಿ ಮಾತ್ರ ಇರುತ್ತವೆ, ತಾವು ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಅವರು ಮಾವನನ್ನು ಗೌರವದಿಂದಲೇ ಕಳುಹಿಸಿಕೊಟ್ಟರು. ಘಟ್ಟದ ಮೇಲೆ ಬೇಡಿ ಎಂದರೆ ಕೈಗೆ ತೊಡಿಸುವ ಕೋಳ, ನಡುವೆ ಇರುವುದು ಒಂದು ದೀರ್ಘ ಮಾತ್ರ ಎಂದು ದಾರಿಯಲ್ಲಿ ನಾನು ವಿವರಿಸಿದೆ. ನಾಳೆಯೇ ಹೋಗಿ ಸರಿಮಾಡುವ ಎಂದೆ. ಮಾವ ಒಪ್ಪಲಿಲ್ಲ.

"ನಾನು ಹೇಳಿದ್ದು ಸರಿಯಾಗಿಯೇ ಉಂಟು. ಅವರು ಕಿವಿಯಲ್ಲಿ ದೀರ್ಘ ಎಳೆದದ್ದು ನನ್ನ ತಪ್ಪಾ ಮಾರಾಯ?"

ಆ ಅಧಿಕಾರಿ ಇರುವವರೆಗೆ ಆ ಮೆಟ್ಟಿಲು ಹತ್ತುವುದಿಲ್ಲವೆಂದು ಅವರು ತೀರ್ಮಾನಿಸಿದರು. ಸರಕಾರಕ್ಕೆ ಇದು ತಿಳಿಯದೆ ಆ ಅಧಿಕಾರಿಯನ್ನು ಮೂರು ವರ್ಷ ವರ್ಗ ಮಾಡಲಿಲ್ಲ. ಅಷ್ಟು ಕಾಲವೂ ಹಂದಿಗಳು ಗದ್ದೆಗೆ ಬಂದವು, ನಾವು ಮೂಡುಬಿದಿರೆಗೆ ಹೋದೆವು, ಎಪ್ಪತ್ತು ರೂಪಾಯಿಯ ಕಥೆ ಕೇಳಿ ಬಂದೆವು. ಬಂಟ್ವಾಳದ ಬ್ಯಾರಿಗಳು ಮಾತ್ರ ಮುಂಗಡವಾಗಿ ಒಂದು ಕಾಸೂ ಪಡೆಯದೆ, ಕೇಳಿ ಬಂದವರನ್ನೆಲ್ಲ ಮಾತು ಕೊಟ್ಟಾಗಿದೆ ಎಂದು ಹಿಂದೆ ಕಳುಹಿಸಿ, ಕೋವಿಗೆ ಎಣ್ಣೆ ಹಾಕಿಡುತ್ತಿದ್ದರು.

ಕೊನೆಗೆ ಹೊಸ ಅಧಿಕಾರಿ ಬಂದರು. ಈ ಸಲ ಮಾತಾಡಿದ್ದು ನಾನು. ಲೈಸೆನ್ಸು ಕೈಗೆ ಬಂದ ದಿನವೇ ಮಾವ ಪೆಟ್ಟಿಗೆಯ ಇನ್ನೂರನ್ನು ಸೊಂಟಕ್ಕೆ ಕಟ್ಟಿ, ನನ್ನನ್ನೂ ಕರೆದುಕೊಂಡು ಬಂಟ್ವಾಳಕ್ಕೆ ಹೊರಟರು. ಬ್ಯಾರಿಗಳು ಎದ್ದು ಬಂದು ಕೈಹಿಡಿದು ಕೂರಿಸಿದರು, ಚಾ ತರಿಸಿದರು, ಕೋವಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ತೋರಿಸಿದರು. ಆಮೇಲೆ, ಕ್ರಯ ಇನ್ನೂರ ಎಂಬತ್ತು ಎಂದರು.

ಮಾವ ಚಾದ ಗ್ಲಾಸನ್ನು ಕೆಳಗಿಟ್ಟರು. "ಕೋವಿಗೆ ಮೂರು ವರ್ಷ ಪ್ರಾಯ ಹೆಚ್ಚಾಯ್ತು ಬ್ಯಾರಿಗಳೇ. ಪ್ರಾಯ ಆದದ್ದಕ್ಕೆ ಕ್ರಯ ಇಳಿಯಬೇಕು."

"ನಿಮಗೂ ನನಗೂ ಪ್ರಾಯ ಆಯ್ತು ಧನಿಗಳೇ. ನಾವೇನು ಅಗ್ಗ ಆದೆವಾ?"

"ಮಾತು ಕೊಟ್ಟದ್ದು ಇನ್ನೂರಕ್ಕೆ."

"ಇನ್ನೂರು ಅಂತ ಹೇಳಿದ್ದು ಬಾಯಿ. ಮನಸ್ಸಿನಲ್ಲಿ ಇದ್ದದ್ದು ಹತ್ತು ಮುಡಿ ಅಕ್ಕಿ. ಇವತ್ತೂ ಹತ್ತೇ ಮುಡಿ. ಒಂದು ಸೇರು ಹೆಚ್ಚು ಕೇಳಿದ್ರೆ ನನ್ನನ್ನು ಬೈಯಿರಿ. ನಿಮ್ಮ ರೂಪಾಯಿ ಸೊರಗಿ ಸಪೂರ ಆದ್ರೆ ಅದಕ್ಕೆ ನಾನು ಎಂತ ಮದ್ದು ಕೊಡ್ಲಿ?"

ನಾನು ಮಾವನ ಮುಖ ನೋಡಿದೆ. ಮಾವ ಸಿಟ್ಟಿನಲ್ಲಿ ಎದ್ದು ಬಂದರೆ, ಇನ್ನು ಆಯುಷ್ಯಪೂರ್ತಿ ಮೂಡುಬಿದಿರೆಯ ಚಾವಡಿಯಲ್ಲಿ ತಲೆಯಾಡಿಸುವುದೇ ಗತಿ. ಆದರೆ ಅವರ ಮುಖದಲ್ಲಿ ಸಿಟ್ಟಿನ ಬದಲು ಒಂದು ಬಗೆಯ ಭಕ್ತಿ ಮೂಡುತ್ತಿತ್ತು. ಮೂವತ್ತು ವರ್ಷ ಮನೆಯಲ್ಲಿ ತಾವು ಬೋಧಿಸಿದ ಧರ್ಮವನ್ನು ಪೇಟೆಯ ನಡುವೆ, ಅದೂ ಅಂಗಿ ತೊಟ್ಟವರೊಬ್ಬರ ಬಾಯಲ್ಲಿ, ಮೊದಲ ಸಲ ಕೇಳಿದ್ದರು.

"ಹಾಗಾದ್ರೆ ಅಕ್ಕಿಯೇ ಕಳಿಸ್ತೇನೆ," ಎಂದರು.

"ಹೊಸತಾ, ಹಳತಾ?"

"ಹಳತು."

"ಕೋವಿ ಈಗಲೇ ತೆಕ್ಕೊಂಡು ಹೋಗಿ."

ಗಾಡಿಯಲ್ಲಿ ಹತ್ತು ಮುಡಿ ಬಂಟ್ವಾಳಕ್ಕೆ ಹೋಯಿತು. ಬ್ಯಾರಿಗಳು ಮರ್ಯಾದೆಗೆಂದು ಒಂದು ಪೊಟ್ಟಣ ತೋಟೆಯನ್ನೂ ಕೊಟ್ಟಿದ್ದರು. ಮಾವ ಕೋವಿಯನ್ನು ಹೆಗಲಿಗೇರಿಸಿ, ಮಡಂತ್ಯಾರಿನಲ್ಲಿ ಬಸ್ಸಿಳಿದ ಮೇಲೆ ಐದು ನಿಮಿಷದ ಒಳದಾರಿಯನ್ನು ಬಿಟ್ಟು, ಪರಿಚಯದವರ ಮನೆಗಳೆಲ್ಲ ಸಿಗುವ ಸುತ್ತುದಾರಿಯಲ್ಲಿ ಮನೆ ತಲುಪಿದರು. ಕೋವಿಯೂ ಬಂತು, ಇನ್ನೂರು ರೂಪಾಯಿಯೂ ಉಳಿಯಿತು ಎಂದು ಅತ್ತೆಯ ಮುಂದೆ ಹಣವನ್ನು ಮಣೆಯ ಮೇಲಿಟ್ಟರು.

ಅತ್ತೆ ಶಾಲೆಗೆ ಹೋದವರಲ್ಲ. ಆ ಇನ್ನೂರಕ್ಕೆ ಈಗ ಎಷ್ಟು ಮುಡಿ ಬಂದೀತೆಂದು ಕೇಳಿದರು. ಮಾವ ಬೆರಳು ಮಡಚಿ, ಏಳು ಎಂದರು.

"ಪೆಟ್ಟಿಗೆಯಲ್ಲಿಟ್ಟದ್ದು ಹತ್ತಲ್ವಾ? ಮೂರು ಮುಡಿ ತಿಂದದ್ದು ಯಾರು? ಅಲ್ಲಿಗೂ ಹಂದಿ ಬಂದಿತ್ತಾ?"

ಅರ್ಥಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಹೆಸರುಂಟು. ಮುಂದೆ ಪತ್ರಿಕೆಗಳಲ್ಲಿ ಓದಿ ತಿಳಿದುಕೊಂಡೆ. ಅತ್ತೆಯಷ್ಟು ಸ್ಪಷ್ಟವಾಗಿ ಅದನ್ನು ಯಾರೂ ಬರೆದದ್ದು ನೋಡಲಿಲ್ಲ. ಮಾವ ಆಲೋಚಿಸಿ, ಸಪೂರವಾಗುತ್ತಿರುವ ರೋಗಿಯನ್ನು ಮನೆಯಲ್ಲಿಟ್ಟುಕೊಳ್ಳುವುದು ತರವಲ್ಲವೆಂದು ತೀರ್ಪಿತ್ತರು. ಮರುದಿನವೇ ನಾವು ಮೂವರೂ ಕೋವಿಯೂ ಬೆಳ್ತಂಗಡಿಗೆ ಹೊರಟೆವು. ಅತ್ತೆಗೆ ಎರಡು ಸೀರೆ, ಒಂದು ದೊಡ್ಡ ಹಿತ್ತಾಳೆ ಹಂಡೆ, ನನಗೆ ಒಂದು ಕೈಗಡಿಯಾರ, ಹೋಟೆಲಿನಲ್ಲಿ ಹೊಟ್ಟೆ ಬಿರಿಯುವಷ್ಟು ಬನ್ಸು. ಅಷ್ಟು ಧಾರಾಳವಾದ ಮಾವನನ್ನು ಆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಉಳಿದ ಚಿಲ್ಲರೆಯಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿದೆವು. ಕೋವಿ ಇದ್ದವರಲ್ಲಿ ಟಿಕೇಟು ಕೇಳಲು ಕಂಡಕ್ಟರ್ ಹಿಂಜರಿದಂತೆ ಕಂಡಿತು. ಮಾವನೇ ಕರೆದು ಕೊಟ್ಟರು.

ಚಾವಡಿಯಲ್ಲಿ ಎರಡು ಕೋವಿಗಳು ಮೊದಲ ಬಾರಿಗೆ ಮುಖಾಮುಖಿ ಮಲಗಿದವು. ಭಾವ ನಮ್ಮದನ್ನು ತಿರುಗಿಸಿ ನೋಡಿ, ಎಷ್ಟಾಯ್ತು ಎಂದರು. ಮಾವ, ಹತ್ತು ಮುಡಿ ಎಂದರು. ಭಾವ ಮರುಕದಿಂದ, ನನ್ನದಕ್ಕೆ ಎಪ್ಪತ್ತೇ ರೂಪಾಯಿ ಎಂದು ಶುರುಮಾಡಿದರು.

"ಆಗ ಮುಡಿ ಅಕ್ಕಿಗೆ ಎಷ್ಟಿತ್ತು ಭಾವ?"

"ಐದು ರೂಪಾಯಿ. ಆ ಕಾಲವೇ ಬೇರೆ."

ಮಾವ ಅವಸರ ಮಾಡಲಿಲ್ಲ. ವೀಳ್ಯದೆಲೆಯ ತೊಟ್ಟು ಮುರಿದರು, ಸುಣ್ಣ ಸವರಿದರು, ಮಡಚಿ ಬಾಯಿಗಿಟ್ಟರು. "ಹದಿನಾಲ್ಕು ಮುಡಿ ಕೊಟ್ಟಿರಾ? ಪಾಪ."

ಒಳಗೆ ಅತ್ತೆಯ ಬಳೆಯ ಸದ್ದು ನಿಂತಿತು. ಭಾವ ತಮ್ಮ ಕೋವಿಯನ್ನು ಒರಸುವುದನ್ನು ನಿಲ್ಲಿಸಿ ತಲೆಯೆತ್ತಿ ಮಾಡಿನ ಹಂಚನ್ನೇ ನೋಡಿದರು. ಎರಡು ಮೂರು ಸಲ ಮನಸ್ಸಿನಲ್ಲೇ ಭಾಗಿಸಿ ನೋಡಿದರೆಂದು ಕಾಣುತ್ತದೆ. ಹದಿನೆಂಟು ವರ್ಷದ ಸಾಲ ಒಂದೇ ಮಾತಿನಲ್ಲಿ ಸಂದಾಯವಾದ ಸುಖ ಮಾವನ ಮುಖದಲ್ಲಿ ತುಂಬಿತ್ತು.

ಆದರೆ ಭಾವ ಭಾವನೇ. ನಿಧಾನವಾಗಿ ಬಟ್ಟೆ ಮಡಚಿ, ಹೇಳಿದರು:

"ಹೌದು. ಒಳ್ಳೆಯ ಕೋವಿಗೆ ಅಷ್ಟು ಕೊಡಬೇಕಾಗ್ತದೆ."

ಮಾವನಿಗೆ ನಗು ತಡೆಯಲಾಗಲಿಲ್ಲ. ಭಾವನಿಗೂ ತಡೆಯಲಾಗಲಿಲ್ಲ. ಒಳ್ಳೆಯದು ಯಾವುದೆಂದು ನೋಡಿಯೇ ಬಿಡುವ ಎಂದು ಇಬ್ಬರೂ ಅಂಗಳಕ್ಕಿಳಿದು, ಆಚೆ ತೆಂಗಿನ ಮರದಲ್ಲಿ ತೂಗುತ್ತಿದ್ದ ಒಂದು ಒಣ ಕಾಯಿಗೆ ಗುರಿಯಿಟ್ಟರು. ಎರಡು ಈಡೂ ಸಿಡಿದವು. ಊರಿನ ಕಾಗೆಗಳೆಲ್ಲ ಎದ್ದವು. ಕಾಯಿ ಅಲ್ಲಾಡಲಿಲ್ಲ. ಒಂದು ತೋಟೆಗೆ ಎಷ್ಟು ಸೇರು ಅಕ್ಕಿಯಾಗುತ್ತದೆಂದು ಅತ್ತೆ ಒಳಗಿನಿಂದ ಕೇಳಿದರು. ಆ ಲೆಕ್ಕ ಹಾಕಲು ಇಬ್ಬರೂ ಒಪ್ಪಲಿಲ್ಲ.