ಸ್ಟ್ಯಾಂಡ್ ಇಲ್ಲದ ಸೈಕಲ್

ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ಪ್ರತಿ ಸೈಕಲ್ಲಿಗೂ ಎರಡು ಬೆಲೆ ಇರುತ್ತಿತ್ತು. ಒಂದು ಗುಂಪಿನ ಬೆಲೆ, ಇನ್ನೊಂದು ಮನೆಯ ಬೆಲೆ. ಗುಂಪಿನಲ್ಲಿ ಎದೆಯುಬ್ಬಿಸಿ ಹೇಳಿದ ಒಂದೂವರೆ ಲಕ್ಷ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಹದಿನೈದು ಸಾವಿರವಾಗುತ್ತಿತ್ತು. ಯಾರದ್ದಾದರೂ ಹೆಂಡತಿ ಎದುರು ಸಿಕ್ಕಿ ಮಾತು ತೆಗೆದರೆ ಉಳಿದವರೆಲ್ಲ ಆ ಸಣ್ಣ ಬೆಲೆಗೇ ತಲೆಯಾಡಿಸಬೇಕು. ಆನ್‌ಲೈನಿನಲ್ಲಿ ತರಿಸಿದ ಬಿಡಿಭಾಗಗಳು ಯಾರ ಮನೆಗೂ ನೇರವಾಗಿ ಬರುತ್ತಿರಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗೆಳೆಯನ ವಿಳಾಸಕ್ಕೆ ಬಂದು, ಸೀರೆಯ ಕವರಿನಲ್ಲಿ ನಮ್ಮ ಕೈ ಸೇರುತ್ತಿದ್ದವು.

ನಲವತ್ತೈದು ದಾಟಿದ ಮೇಲೆ, ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ, ನಾನು ಆ ಗುಂಪು ಸೇರಿದೆ. ಮೊದಲನೆಯ ಸೈಕಲ್ಲಿಗೆ ಹದಿನೆಂಟು ಸಾವಿರ ಕೊಟ್ಟಿದ್ದೆ. ವರ್ಷ ಕಳೆಯುವುದರೊಳಗೆ ಅದನ್ನು ಉಳಿದವರ ಪಕ್ಕ ನಿಲ್ಲಿಸಲು ನಾಚಿಕೆಯಾಗತೊಡಗಿತು. ನಾಚಿಕೆ ಎಂದೆ, ಅದು ಬರೀ ಹೊಟ್ಟೆಕಿಚ್ಚು. ಕೊನೆಗೆ ಒಂದು ಲಕ್ಷದ ನಲವತ್ತು ಸಾವಿರ ಕೊಟ್ಟು ಕಾರ್ಬನ್ ಸೈಕಲ್ ತಂದೆ. ಎರಡು ಬೆರಳಿನಲ್ಲಿ ಎತ್ತಬಹುದಾದಷ್ಟು ಹಗುರ. ಸೈಕಲ್ಲಿನ ತೂಕ ಇಳಿಸಲು ಸಾವಿರ ಸಾವಿರ ಸುರಿಯುತ್ತಿದ್ದ ನಮ್ಮಲ್ಲಿ ಒಬ್ಬನೂ ಎರಡನೆಯ ಮಸಾಲೆ ದೋಸೆ ಬಿಟ್ಟವನಲ್ಲ.

ಅಪ್ಪ ಇದ್ದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ, ತಂಗಿಯ ಮನೆಯಲ್ಲಿ. ಅಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಇಡೀ ನೌಕರಿಯನ್ನು ಒಂದೇ ಸೈಕಲ್ಲಿನಲ್ಲಿ ಮುಗಿಸಿದವರು. ನಾನು ಹೊಸ ಸೈಕಲ್ ತುಳಿದುಕೊಂಡು ಹೋಗಿ ಗೋಡೆಗೆ ಒರಗಿಸಿದಾಗ ಅದರ ಸುತ್ತ ಒಂದು ಸುತ್ತು ಬಂದರು.

"ಎಷ್ಟು ಕೊಟ್ಟೆ?"

"ಹನ್ನೆರಡು ಸಾವಿರ ಅಪ್ಪಾ" ಎಂದು ಬಲಗಿವಿಯ ಹತ್ತಿರ ಕೂಗಿದೆ.

"ಹನ್ನೆರಡು ಸಾವಿರ ತಗೊಂಡು ಒಂದು ಸ್ಟ್ಯಾಂಡ್ ಹಾಕಿ ಕೊಡ್ಲಿಲ್ವಾ ಮಾರಾಯ? ಕ್ಯಾರಿಯರ್ ಇಲ್ಲ, ಬೆಲ್ ಇಲ್ಲ. ಚೆನ್ನಾಗಿ ಟೋಪಿ ಹಾಕಿದಾರೆ ನಿಂಗೆ."

ತಂಗಿ ನಕ್ಕಳು. ನಾನೂ ನಕ್ಕೆ.

ಕೂಗಿ ಹೇಳಬೇಕಾಗಿದ್ದು ಏಕೆಂದರೆ ಅಪ್ಪನ ಕಿವಿ ಹೋಗುತ್ತಾ ಬಂದಿತ್ತು. ಅದೇ ವರ್ಷ, ಸೈಕಲ್ ಕೊಳ್ಳುವ ಮೊದಲು, ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡೂ ಕಿವಿಗೆ ಒಳ್ಳೆಯ ಮಷಿನ್ ಹಾಕಿಸಿ, ತೊಂಬತ್ತು ಸಾವಿರದ ಹತ್ತಿರ ಆಗುತ್ತದೆ ಎಂದಿದ್ದರು. "ಸದ್ಯಕ್ಕೆ ಕೈ ಬಿಗಿ ಇದೆ ಅಪ್ಪಾ, ಒಂದು ಕಿವಿಗೆ ಸಾದಾದು ತಗೊಳ್ಳೋಣ, ಮುಂದೆ ನೋಡೋಣ" ಎಂದಿದ್ದೆ. ಅಪ್ಪ ತಕ್ಷಣ ಒಪ್ಪಿದರು. ಆರು ಸಾವಿರದ ಆ ಮಷಿನ್ ಕಿವಿಯೊಳಗೆ ಕುಯ್ ಎಂದು ಶಿಳ್ಳೆ ಹಾಕುತ್ತಿತ್ತು. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ನಾನು ಬಂದಾಗ ಮಾತ್ರ ಹಾಕಿಕೊಳ್ಳುತ್ತಿದ್ದರು. ನನ್ನ ಕೈ ಬಿಗಿಯಾಗಿರಲಿಲ್ಲ. ಸೈಕಲ್ಲಿಗೆಂದು ದುಡ್ಡು ತೆಗೆದಿಟ್ಟಿದ್ದೆ, ಅಷ್ಟೇ.

ಮಳೆಗಾಲದ ಒಂದು ಭಾನುವಾರ ಭದ್ರಾವತಿಯಲ್ಲಿ ಮಳೆ ಹಿಡಿದುಕೊಂಡಿತು. ಸೈಕಲ್ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದೆ. ಮುಂದಿನ ಭಾನುವಾರ ಹೋದಾಗ ಸೈಕಲ್ ಜಗಲಿಯ ನಡುವೆ ತನ್ನಷ್ಟಕ್ಕೆ ನೆಟ್ಟಗೆ ನಿಂತಿತ್ತು. ಕೆಳಗೆ ಕಬ್ಬಿಣದ ಸ್ಟ್ಯಾಂಡ್, ಹಿಂದೆ ಕ್ಯಾರಿಯರ್, ಹ್ಯಾಂಡಲ್ಲಿಗೆ ಹಿತ್ತಾಳೆಯ ಬೆಲ್. ಅಪ್ಪ ಹಳೆಯ ಬನಿಯನ್ ತುಂಡಿನಿಂದ ಒರೆಸುತ್ತಾ ಕೂತಿದ್ದರು. ಪಕ್ಕದಲ್ಲಿ ಅವರ ಸ್ಪ್ಯಾನರುಗಳು.

"ಈಗ ನೋಡು, ಸೈಕಲ್ ಥರ ಕಾಣ್ತಿದೆ. ಓಲ್ಡ್ ಟೌನಿಗೆ ಹೋಗಿ ನಾನೇ ಆರಿಸ್ಕೊಂಡು ಬಂದೆ. ಅಂಗಡಿಯವ್ನು ಇಂಥ ಸೈಕಲ್ಲಿಗೆ ಕೂರಲ್ಲ ಅಂದ. ಅವ್ನಿಗೇನ್ ಗೊತ್ತು. ಜೀವಮಾನ ಇದೇ ಕೆಲ್ಸ ಮಾಡಿದೀನಿ, ಕೂರಿಸ್ದೆ."

ಕಾರ್ಬನ್ ಎಂದರೆ ಲೋಹವಲ್ಲ. ಕಪ್ಪು ನೂಲನ್ನು ಅಂಟಿನಲ್ಲಿ ಅದ್ದಿ ಬೇಯಿಸಿ ಮಾಡಿದ ಕೊಳವೆ. ತುಳಿತವನ್ನು ಎಷ್ಟು ಬೇಕಾದರೂ ತಡೆಯುತ್ತದೆ, ಹಿಚುಕಿದರೆ ತಡೆಯುವುದಿಲ್ಲ. ಅಪ್ಪನ ಕೈಗೆ ಗೊತ್ತಿದ್ದದ್ದು ಉಕ್ಕು. ಇನ್ನು ತಿರುಗದು ಎನ್ನುವವರೆಗೂ ಬಿಗಿ ಮಾಡುವುದು ಆ ಕೈಯ ಅಭ್ಯಾಸ. ನಾನು ಮಂಡಿಯೂರಿ ನೋಡಿದೆ. ಸ್ಟ್ಯಾಂಡಿನ ಪಟ್ಟಿ ಕಚ್ಚಿದ್ದ ಕಡೆ ಕೊಳವೆಯ ಉದ್ದಕ್ಕೆ ಬಿರುಕು ಬಿಟ್ಟಿತ್ತು.

ನನಗೆ ಬುದ್ಧಿ ಕೆಟ್ಟಿತು. ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದೆ. "ಒಂದು ಲಕ್ಷದ ನಲವತ್ತು ಸಾವಿರ ಅಪ್ಪಾ ಇದಕ್ಕೆ. ಒಂದು ಲಕ್ಷದ ನಲವತ್ತು ಸಾವಿರ. ಹಾಳು ಮಾಡಿಬಿಟ್ರಿ."

"ಎಷ್ಟು?"

ಮತ್ತೆ ಹೇಳಿದೆ. ಅಷ್ಟು ಜೋರಾಗಿ ನಾನು ಅವರ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಒಂದಕ್ಷರವೂ ತಪ್ಪದೆ ಕೇಳಿಸಿತ್ತು ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಮೊದ್ಲೇ ಹೇಳಿದ್ರೆ ಮುಟ್ತಿರ್ಲಿಲ್ಲ ಕಣೋ" ಎಂದರು.

ತಂಗಿ ಅಡುಗೆಮನೆಯಿಂದ ಹೊರಗೆ ಬಂದಳು. "ಅದು ಟಕ್ ಅಂದಿದ್ದು ನಂಗೆ ಒಳಗೆ ಒಲೆ ಹತ್ರ ಕೇಳ್ತು ಅಣ್ಣಾ. ಒಂದ್ಸಲ ಅಲ್ಲ, ಮೂರು ಸಲ. ಕೂಗ್ದೆ. ಅಪ್ಪಂಗೆ ಅದೂ ಕೇಳ್ಲಿಲ್ಲ, ನಾನು ಕೂಗಿದ್ದೂ ಕೇಳ್ಲಿಲ್ಲ. ಬಿಗಿ ಮಾಡ್ತಾನೇ ಇದ್ರು." ಆಮೇಲೆ ದನಿ ತಗ್ಗಿಸಿ, "ಯಾಕೆ ಕೇಳ್ಲಿಲ್ಲ ಅಂತ ನಿಂಗೆ ನಾನು ಹೇಳ್ಬೇಕಾ?" ಎಂದಳು.

ಅಪ್ಪ ಸ್ಪ್ಯಾನರ್ ಎತ್ತಿಕೊಂಡು ಸ್ಟ್ಯಾಂಡ್ ಬಿಚ್ಚಲು ಕೂತರು. ನಾನು ಬೇಡ ಎನ್ನಲಿಲ್ಲ. ಎಲ್ಲ ಬಿಚ್ಚಿ ಆದ ಮೇಲೆ ಬೆಲ್ಲನ್ನು ಬನಿಯನ್ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಲಗೇಜ್ ಆಟೋದಲ್ಲಿ ಸೈಕಲ್ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಬಂದೆ.

ಒಂದು ವಾರದೊಳಗೆ ಎರಡೂ ಕಿವಿಗೆ ಒಳ್ಳೆಯ ಮಷಿನ್ ತೆಗೆದುಕೊಂಡು ಹೋದೆ. ಅಪ್ಪ ಡಬ್ಬಿ ತೆರೆದು ನೋಡಿದರು.

"ಇದಕ್ಕೆಷ್ಟು?"

"ತೊಂಬತ್ತೆರಡು ಸಾವಿರ."

"ನಿಜವಾದ್ ಬೆಲೆನಾ?"

ಅದರಲ್ಲಿ ಕೊಂಕು ಇರಲಿಲ್ಲ. ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. "ಆಯ್ತು, ಹಾಕ್ಕೋತೀನಿ" ಎಂದು ಡಬ್ಬಿ ಮುಚ್ಚಿ ಗೋಡೆಯ ಗೂಡಿನಲ್ಲಿ ಇಟ್ಟರು.

ಆಮೇಲೆ ಭಾನುವಾರಗಳಲ್ಲಿ ಬಸ್ಸಿಗೆ ಹೋಗಿ ಬರುತ್ತಿದ್ದೆ. ಮಷಿನ್ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರೆ, ಈಗ ತಾನೇ ತೆಗೆದಿಟ್ಟೆ, ಕಿವಿ ನೋಯುತ್ತಿತ್ತು ಎನ್ನುತ್ತಿದ್ದರು. ಹಳೆಯದನ್ನೂ ಜೇಬಿನಲ್ಲಿ ಇಟ್ಟುಕೊಳ್ಳುವುದು ಬಿಟ್ಟಿದ್ದರು. ನಾನು ಏನು ಹೇಳಿದರೂ ನನ್ನ ತುಟಿ ನೋಡಿ ನಗುತ್ತಿದ್ದರು.

ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಒಂದು ಮಧ್ಯಾಹ್ನ ತಂಗಿ ಊಟಕ್ಕೆ ಹೋದಾಗ, ಅವರ ಬಲಗಿವಿಗೆ ಬಗ್ಗಿ, ಅವತ್ತು ಕೈ ಬಿಗಿ ಇರಲಿಲ್ಲ ಅಪ್ಪಾ, ಸುಳ್ಳು ಹೇಳಿದ್ದೆ ಎಂದೆ. ಅವರು ತಲೆಯಾಡಿಸಿದರು. ನರ್ಸ್ ಬಂದು ಮಾತ್ರೆ ಎಂದಾಗಲೂ ಹಾಗೇ ತಲೆಯಾಡಿಸಿದರು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ತಂಗಿ ಗೂಡಿನಿಂದ ಆ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. ಆ ಮಷಿನ್ನಿನ ಬ್ಯಾಟರಿಗಳು ಬೇಳೆಕಾಳಿನಷ್ಟು ಚಿಕ್ಕವು, ಒಂದೊಂದರ ಮೇಲೂ ಕಿತ್ತಳೆ ಬಣ್ಣದ ಸಣ್ಣ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತ ಮೇಲೆಯೇ ಅವು ಕೆಲಸ ಶುರು ಮಾಡುವುದು. ಅಪ್ಪ ಒಂದನ್ನೂ ಕಿತ್ತಿರಲಿಲ್ಲ.