ಕುರ್ಚಿಯ ಕೈಯಡಿಯ ಸುಣ್ಣ

ನಿನ್ನೆ, ಬಿದ್ದುಹೋದ ಸೂಜಿ ಹುಡುಕಲು ನಮ್ಮ ಇಸಳೂರಿನ ಮನೆಯ ಮರದ ಕುರ್ಚಿಯ ಕೆಳಗೆ ಬಗ್ಗಿದೆ. ಸೂಜಿ ಸಿಗಲಿಲ್ಲ, ಕುರ್ಚಿಯ ಕೈಯ ಅಡಿಭಾಗದಲ್ಲಿ ಒಣಗಿ ಗಟ್ಟಿಯಾದ ಸುಣ್ಣದ ಗೆರೆಗಳು ಸಿಕ್ಕವು. ಕವಳ, ಅಂದರೆ ಎಲೆಯಡಿಕೆ, ಹಾಕುವವರ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆಗೆ ಹಚ್ಚಿ ಬೆರಳಲ್ಲಿ ಉಳಿದ ಸುಣ್ಣ ಒರೆಸಲು ಕೈಗೆಟುಕುವ ಒಂದು ಜಾಗ ಬೇಕೇ ಬೇಕು. ಈ ಗೆರೆಗಳು ಆಯಿಯವು, ನನ್ನ ಅಮ್ಮನವು.

ದೊಡ್ಮನೆ ಊರಿನ ನಮ್ಮ ತವರಿನ ಜಗಲಿಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಹಬ್ಬ ಬಂತೆಂದರೆ ಅವುಗಳ ಅಡಿಯ ಸುಣ್ಣ ಕೆರೆಯುವುದು ನನ್ನ ಪಾಲಿನ ಕೆಲಸ. ಇದು ಅಪ್ಪಯ್ಯನ ಕುರ್ಚಿ, ಇದು ದೊಡ್ಡಪ್ಪನದು ಎಂದು ಸುಣ್ಣದ ದಪ್ಪ ನೋಡಿಯೇ ಹೇಳುತ್ತಿದ್ದೆ. ಆಯಿಯ ಸುಣ್ಣ ಮಾತ್ರ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ, ನೆಲದಿಂದ ಗೇಣೆತ್ತರಕ್ಕೆ. ಅವಳು ಕೂರುತ್ತಿದ್ದದ್ದು ಅಲ್ಲಿ.

ಈ ಮನೆ ಕಟ್ಟಿಸುವಾಗ ನನಗೆ ಸ್ಕ್ಯಾಂಡಿನೇವಿಯನ್ ಹುಚ್ಚು ಹಿಡಿದಿತ್ತು. ಸ್ವೀಡನ್, ಡೆನ್ಮಾರ್ಕ್ ಕಡೆಯ ಮನೆಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ತಲೆ ಕೆಟ್ಟಿತ್ತು. ಬಿಳಿ ಗೋಡೆ, ತಿಳಿಬಣ್ಣದ ಮರ, ಕೆತ್ತನೆಯಿಲ್ಲದ ಸಪೂರ ಕಾಲುಗಳು, ಕೋಣೆ ತುಂಬ ಬೆಳಕು. ಬೇಕಾದ್ದಕ್ಕಿಂತ ಒಂದು ಸಾಮಾನೂ ಹೆಚ್ಚಿರಕೂಡದೆಂದು ಪಟ್ಟು ಹಿಡಿದೆ. ಕುರಿ ತುಪ್ಪಳದ ಹಾಸನ್ನೂ ತರಿಸಿದೆ, ನೋಡಿ! ಅಪ್ಪಯ್ಯ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದ ಆಯಿ ಸುತ್ತ ಕಣ್ಣಾಡಿಸಿ, “ಮನೆಯೋ ಆಸ್ಪತ್ರೆಯೋ ಇದು, ಕೂಸೇ?” ಅಂದಳು. ಹಾಸನ್ನು ಮುಟ್ಟಿ ನೋಡಿ, “ಇದರ ಮೇಲೆ ಕೂತು ಜಪ ಮಾಡವಾ?” ಎಂದು ಕೇಳಿದಳು. ಹಿಮದ ದೇಶದವರ ಆ ಹಾಸು ನಮ್ಮ ಶಿರಸಿ ಕಡೆಯ ಮೊದಲ ಮಳೆಗಾಲಕ್ಕೇ ಬೂಸಲು ಹಿಡಿದು ಹಿತ್ತಲು ಸೇರಿತು.

ಕಿಟಕಿಯ ಪಕ್ಕದ ಈ ಕುರ್ಚಿ ಮಾತ್ರ ಅವಳಿಗೆ ಹಿಡಿಸಿತು. ಹಿಡಿಸಿದರೇನು, ಗೇಟು ಸದ್ದಾದರೆ ಸಾಕು, ಚಟ್ಟನೆ ಎದ್ದು ಬಾಗಿಲ ಬಳಿ ನೆಲಕ್ಕೆ. ಪೋಸ್ಟಿನವನು ಬಂದರೂ ಏಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಏಳಡ ಆಯಿ, ಅದು ನಿನ್ನ ಕುರ್ಚಿ.”

“ಹೋಗೇ ಮಾರಾಯ್ತಿ, ಬಂದವ್ರು ನಿಂತಿರಕಾದ್ರೆ ಯಂಗೆ ಕೂತ್ಗಂಬಲೆ ಆಗ್ತಿಲ್ಲೆ.”

ಇವಳನ್ನು ಕೂರಿಸದೆ ಬಿಡುವುದಿಲ್ಲ ಎಂದು ನಾನೂ ಹಟ ತೊಟ್ಟೆ. ಬಂದವರು ನಿಲ್ಲುವುದೇ ಬೇಡವೆಂದು ಎದುರಿಗೆ ಉದ್ದನೆಯ ಬೆಂಚು ತಂದು ಹಾಕಿದೆ. ಆದರೂ ಅವಳು ಏಳುವುದು ತಪ್ಪಲಿಲ್ಲ. ನಾನು ಹೇಳುವುದೂ ತಪ್ಪಲಿಲ್ಲ.

ನಿಲ್ಕುಂದದಿಂದ ಅವಳ ಅಣ್ಣ ಬಂದ ದಿನ ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ನನ್ನ ಈ ಸೋದರಮಾವ ಯಾರ ಮನೆಗೆ ಹೋದರೂ ಒಳ್ಳೆಯ ಕುರ್ಚಿಯನ್ನೇ ಹುಡುಕಿ ಹೋಗುವ ಗಿರಾಕಿ. ನೆಟ್ಟಗೆ ಕಿಟಕಿಯ ಬಳಿ ಬಂದು ನಿಂತ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಆಯಿ ಅರ್ಧ ಎದ್ದಳು. ನನ್ನ ಮುಖ ನೋಡಿದಳು. ಆಮೇಲೆ ಬೆರಳನ್ನು ಕುರ್ಚಿಯ ಕೈಯಡಿಗೆ ಒರೆಸಿ, ಹಿಂದಕ್ಕೆ ಒರಗಿ ಕೂತಳು.

“ಅಣ್ಣಾ, ನೀನು ಆ ಬೆಂಚಿನ ಮೇಲೆ ಕೂತ್ಗ. ಇದು ಯನ್ನ ಕುರ್ಚಿ.”

“ಆತು, ಆತು,” ಎಂದು ಮಾವ ಬೆಂಚಿಗೆ ಹೋದ. ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ಅಡುಗೆಮನೆಗೆ ಓಡಿ ಸಂತೋಷಕ್ಕೆ ಅತ್ತುಬಿಟ್ಟೆ. ಆ ಗಡಿಬಿಡಿಯಲ್ಲಿ ಚಹಾಕ್ಕೆ ಎರಡೆರಡು ಸಲ ಸಕ್ಕರೆ ಬಿತ್ತು.

ಆಯಿ ಈಗಿಲ್ಲ. ಕುರ್ಚಿಯನ್ನು ದಿನವೂ ಒರೆಸುತ್ತೇನೆ, ಕೂತದ್ದು ಕಡಿಮೆ. ನಿನ್ನೆ ಸೂಜಿಯ ಆಸೆ ಬಿಟ್ಟು ಅದರಲ್ಲೇ ಕೂತೆ. ಅಷ್ಟರಲ್ಲಿ ಗೇಟು ಸದ್ದಾಯಿತು; ಯಜಮಾನರ ಗೆಳೆಯರು. ನೋಡಿದರೆ ನಾನು ಆಗಲೇ ಅರ್ಧ ಎದ್ದಿದ್ದೇನೆ! ಆಯಿಗೆ ಅಷ್ಟೆಲ್ಲ ಪಾಠ ಹೇಳಿದವಳು. ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳಿಗೆ ಅಡಿಯ ಸುಣ್ಣ ತರಿತರಿಯಾಗಿ ತಾಗಿತು. ಹಿಂದಕ್ಕೆ ಒರಗಿ ಕೂತೆ.

“ಬಾಗಿಲು ತೆರೆದೇ ಇದ್ದು, ಬನ್ನಿ,” ಎಂದು ಅಲ್ಲಿಂದಲೇ ಕೂಗಿದೆ. “ಬೆಂಚಿನ ಮೇಲೆ ಕೂತ್ಗಳಿ.”